ಲೋಡ್ ಆಗುವ ಮುನ್ನ

ತಾನು ‘ಹೂಂ’ ಅಂದದ್ದು ಏನಕ್ಕೆ ಎಂಬುದು ಅವನಿಗೆ ಹೊಳೆದದ್ದು ಫೋನು ಜೇಬಿಗೆ ಇಳಿದ ಮೇಲೆ. ಅಷ್ಟರಲ್ಲಿ ಅಕ್ಕ ಆ ಕಡೆ ಫೋನ್ ಇಟ್ಟಾಗಿತ್ತು, ಅವನ ಕೈ ಮತ್ತೆ ಮೌಸಿನ ಮೇಲೆ ಕೂತಾಗಿತ್ತು, ಎದುರಿನ ಸ್ಕ್ರೀನು ಬಿಳಿಚಿಕೊಂಡು ನಿಂತದ್ದು ಯಾವಾಗ ಬಣ್ಣ ತುಂಬಿಕೊಂಡೀತೆಂದು ಅವನು ಕಣ್ಣು ನೆಟ್ಟು ಕಾಯುತ್ತಿದ್ದ. ಅಕ್ಕ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಒಂದಕ್ಷರವೂ ಬಿಡದಂತೆ ಬಿದ್ದಿತ್ತು. ಬಿದ್ದದ್ದೆಲ್ಲ ಬಾಗಿಲಾಚೆ ಸಾಲುಗಟ್ಟಿ ನಿಂತಿತ್ತು, ಈಗ ಒಂದೊಂದಾಗಿ ಒಳಗೆ ಬರುತ್ತಿತ್ತು. “ಅಪ್ಪನ ಕಾಲಿನ ಸೋಂಕು ಮೇಲಕ್ಕೆ ಹತ್ತುತ್ತಿದೆಯಂತೆ ಕಣೋ. ಇನ್ನು ಕಾಯೋ ಹಾಗಿಲ್ಲ ಅಂತಿದಾರೆ ಡಾಕ್ಟ್ರು. ಮಂಡಿ ಕೆಳಗಿಂದ ತೆಗೆದುಬಿಡಬೇಕಂತೆ, ಇವತ್ತೇ, ಮಧ್ಯಾಹ್ನ. ಅಪ್ಪ ಆ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಿದಾರೆ, ಮಾತೇ ಆಡ್ತಿಲ್ಲ. ನೀನು ಹೇಳು. ತೆಗೆಸಿಬಿಡೋಣ್ವಾ?” ಅದಕ್ಕೆ ಅವನು ಹೂಂ ಅಂದಿದ್ದ. ಬರುವಾಗ ಬ್ರೆಡ್ ತರಲಾ ಎಂದು ಯಾರಾದರೂ ಕೇಳಿದರೆ ಎಷ್ಟು ಸಲೀಸಾಗಿ ಅನ್ನುತ್ತಿದ್ದನೋ ಅಷ್ಟೇ ಸಲೀಸಾಗಿ ಅಂದಿದ್ದ. “ಸದ್ಯ, ನೀನು ಹೂಂ ಅಂದ್ಯಲ್ಲ, ನನ್ನ ತಲೆ ಮೇಲಿನ ಭಾರ ಇಳೀತು,” ಎಂದು ಅಕ್ಕ ಉಸಿರು ಬಿಟ್ಟಿದ್ದಳು. ಆ ಉಸಿರು ಕೂಡ ಅವನಿಗೆ ಈಗಷ್ಟೇ ಕೇಳಿಸಿತು.

ಅವನ ಈ ಹೂಂ ಮನೆಯಲ್ಲಿ ಹೆಸರುವಾಸಿ. ಚಿಕ್ಕಂದಿನಲ್ಲಿ ಅಮ್ಮ ಕತೆ ಹೇಳುವಾಗ ನಿದ್ದೆ ಹೋದ ಮೇಲೂ ಹೂಂಗುಟ್ಟುತ್ತಿದ್ದನಂತೆ. ಅಮ್ಮ ಪಾಪ, ರಾಜಕುಮಾರನನ್ನು ಸಮುದ್ರಗಳನ್ನೆಲ್ಲ ದಾಟಿಸಿ, ರಾಕ್ಷಸನನ್ನು ಕೊಲ್ಲಿಸಿ, ಮದುವೆಯನ್ನೂ ಮುಗಿಸಿ ಪಕ್ಕಕ್ಕೆ ನೋಡಿದರೆ ಮಗರಾಯ ಗೊರಕೆಯ ನಡುವೆ ಹೂಂ ಅನ್ನುತ್ತಿದ್ದ. ಅಕ್ಕ ಅವನಿಗೆ ಹೂಂಗುಟ್ಟಪ್ಪ ಎಂದು ಹೆಸರಿಟ್ಟಳು. ಹೆಂಡತಿ ಮದುವೆಯಾದ ಹೊಸತರಲ್ಲಿ ಆ ಹೂಂ ಕೇಳಿ ಎಂಥಾ ಒಳ್ಳೆಯ ಸ್ವಭಾವವೆಂದು ಹಿಗ್ಗಿದಳು, ಆಮೇಲೆ ಮುಖ್ಯವಾದದ್ದೇನಾದರೂ ಇದ್ದರೆ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳುವುದನ್ನು ಕಲಿತಳು. ಆಫೀಸಿನಲ್ಲಿ ಮಾತ್ರ ಅದು ದೊಡ್ಡ ಗುಣ. ಕೇಳಿದ್ದಕ್ಕೆ ತಡಮಾಡದೆ ಉತ್ತರ ಕೊಡುವ ಮನುಷ್ಯ, ಯಾರನ್ನೂ ಕಾಯಿಸುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ನಿನ್ನೆ ಸಂಜೆ ಅಪ್ಪ ಅವನ ಮಣಿಕಟ್ಟು ಹಿಡಿದುಕೊಂಡಾಗಲೂ ಅವನು ಯಾರನ್ನೂ ಕಾಯಿಸಲಿಲ್ಲ. ಅಕ್ಕ ಔಷಧಿ ತರಲೆಂದು ಕೆಳಗೆ ಹೋಗಿದ್ದಳು. ಅಪ್ಪ ಅದಕ್ಕೇ ಕಾದಿದ್ದವರಂತೆ ಅವನನ್ನು ಹತ್ತಿರ ಎಳೆದುಕೊಂಡಿದ್ದರು. “ನೋಡು, ಇವರು ಇವತ್ತಲ್ಲ ನಾಳೆ ಕಾಲು ತೆಗೀಬೇಕು ಅಂತಾರೆ. ನಿನ್ನ ಅಕ್ಕ ಹೆದರುಪುಕ್ಲಿ, ಒಪ್ಕೊಂಡುಬಿಡ್ತಾಳೆ. ನೀನು ಬಿಡಬಾರದು. ಜೀವಮಾನವೆಲ್ಲ ಬಸ್ಸು ಓಡಿಸಿದೀನಿ, ಈ ಬಲಗಾಲು ಒಂದು ಜೀವಾನೂ ತೆಗೆದಿಲ್ಲ. ಬ್ರೇಕ್ ಹಾಕಿದ ಕಾಲು ಇದು. ಹೋಗೋದಾದ್ರೆ ಇದರ ಸಮೇತ ಹೋಗ್ತೀನಿ. ತಿಳೀತಾ?” ಅವನು ಹೂಂ ಅಂದ. ಅಪ್ಪನ ಹಿಡಿತ ಸಡಿಲವಾಯಿತು, ಕಣ್ಣು ಮುಚ್ಚಿಕೊಂಡರು, ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು.

ಆಗ ಅವನು ಏನು ನೋಡುತ್ತಿದ್ದ ಎಂದು ನೆನೆಸಿಕೊಂಡರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನು ಅಪ್ಪನ ತಲೆಯ ಮೇಲಿನ ಗೋಡೆ ನೋಡುತ್ತಿದ್ದ. ಆ ವಾರ್ಡಿನಲ್ಲಿ ಆ ಗೋಡೆಗೆ ಕಿಟಕಿಯಿರಲಿಲ್ಲ. ಇರಬೇಕಾದ ಜಾಗದಲ್ಲಿ ತೆರೆದ ಕಿಟಕಿಯದೇ ದೊಡ್ಡ ಚಿತ್ರವೊಂದನ್ನು ಯಾರೋ ಅಂಟಿಸಿದ್ದರು: ಹಸಿರು ಹುಲ್ಲು, ದೂರದಲ್ಲೊಂದು ಮರ, ಗಾಳಿಗೆ ಉಬ್ಬಿದ ಪರದೆ. ಬಂದವರು ಒಳಗೆ ಕಾಲಿಟ್ಟ ಕೂಡಲೇ ಕೋಣೆ ಬೆಳಕಾಗಿದೆ ಅನ್ನಿಸುತ್ತಿತ್ತು. ಹದಿನೈದು ದಿನದಿಂದ ಅವನ ನಿದ್ದೆ ಕೆಡಿಸಿದ್ದ ಲಾರಿ ಯಾರ್ಡಿನ ಕಂಪ್ಯೂಟರ್ ಪ್ರೋಗ್ರಾಮಿನ ತೊಂದರೆಗೆ ಪರಿಹಾರ ಸಿಕ್ಕಿದ್ದು ಆ ಕ್ಷಣದಲ್ಲಿ. ನಿಜವಾದ ವಿಂಡೋ ಸ್ಕ್ರೀನಿಗೆ ಬರುವವರೆಗೆ ಅದರ ಚಿತ್ರ ತೋರಿಸಿದರಾಯಿತಲ್ಲ! ಅಪ್ಪ ತಮ್ಮ ಕಾಲನ್ನು ಅವನ ಕೈಗೆ ಒಪ್ಪಿಸುತ್ತಿದ್ದಾಗ ಅವನ ಒಳಗೆ ಖುಷಿ ಉಕ್ಕುತ್ತಿತ್ತು. ಆ ಖುಷಿಯಲ್ಲಿ ಅವನ ಮುಖ ಅರಳಿದ್ದನ್ನು ಅಪ್ಪ ಏನೆಂದು ತಿಳಿದುಕೊಂಡರೋ.

ಯಾರ್ಡಿನ ತೊಂದರೆ ಹೇಳುವುದಕ್ಕೆ ಸುಲಭ, ಬಗೆಹರಿಸುವುದಕ್ಕೆ ತಲೆನೋವು. ಊರಿನ ಹೊರಗೆ ಬಯಲಿನಷ್ಟು ದೊಡ್ಡ ಅಂಗಳ, ಸಾಲಾಗಿ ಸರಕು ಇಳಿಸಿ ಏರಿಸುವ ಕಟ್ಟೆಗಳು, ಕಟ್ಟೆಗೊಂದು ಲಾರಿ. ಮೇಲಿನ ಗಾಜಿನ ಕೋಣೆಯಲ್ಲಿ ಡೆಸ್ಕ್ ಮೇಡಂ ಎಂದೇ ಎಲ್ಲರೂ ಕರೆಯುವ ಹೆಂಗಸು ಕೂತು, ಸ್ಕ್ರೀನಿನ ಪಟ್ಟಿಯಲ್ಲಿ ಒಂದು ಲಾರಿಯ ಮುಂದಿನ ‘ಬಿಡು’ ಎಂಬ ಬಟನ್ ಒತ್ತಿದರೆ ಆ ಕಟ್ಟೆಯ ದೀಪ ಹಸಿರಾಗುತ್ತದೆ, ಲಾರಿ ಹೊರಡುತ್ತದೆ. ಆದರೆ ಆ ಸ್ಕ್ರೀನು ತೆರೆಯುವುದೇ ಒಂದು ಪ್ರಸವ. ಎಡಗಡೆ ಲಾರಿಗಳ ಪಟ್ಟಿ, ನಡುವೆ ಅಂಗಳದ ನಕ್ಷೆ, ಬಲಗಡೆ ಕಾಗದಪತ್ರಗಳ ಚಿತ್ರಗಳು, ಮೂರೂ ಒಂದಕ್ಕಿಂತ ಒಂದು ಭಾರ. ಪ್ರೋಗ್ರಾಮೆಂದರೆ ಒಂದು ಅಂಗಡಿ ಅನ್ನಿ, ಅಲ್ಲಿ ಗಿರಾಕಿಯ ಮಾತು ಕೇಳುವವನೂ ಒಳಗಿನಿಂದ ಮೂಟೆ ಹೊತ್ತು ತರುವವನೂ ಒಬ್ಬನೇ; ಅವನು ಮೂಟೆ ತರಲು ಹೋದರೆ ಗಲ್ಲಾ ಖಾಲಿ, ಎಷ್ಟು ಕೂಗಿದರೂ ಓ ಅನ್ನುವವರಿಲ್ಲ. ಆಗಲೇ ಸ್ಕ್ರೀನು ಬಿಳಿಚಿಕೊಳ್ಳುವುದು, ಜನ ಹ್ಯಾಂಗ್ ಆಯಿತು ಎಂದು ಬೈಯುವುದು. ಮೂಟೆ ತರಲು ಬೇರೆ ಆಳನ್ನು ಕಳಿಸಬಹುದು, ಪಟ್ಟಿಗೆ ಅವನು ಹಾಗೇ ಮಾಡಿದ್ದ. ಆದರೆ ಆ ಹಾಳು ನಕ್ಷೆ ಇತ್ತಲ್ಲ, ಹೊರಗಿನಿಂದ ಕೊಂಡು ತಂದದ್ದು, ಗಲ್ಲಾದವನೇ ಬಂದು ಬಿಚ್ಚಿ ಜೋಡಿಸಬೇಕೆಂದು ಹಟ ಹಿಡಿಯುತ್ತಿತ್ತು. ನ್ಯಾಯವಾದ ದಾರಿ ಒಂದೇ: ಅದನ್ನು ಚೂರುಚೂರಾಗಿ ಜೋಡಿಸುವುದು, ನಡುನಡುವೆ ತಲೆಯೆತ್ತಿ ಗಿರಾಕಿಗೆ ಓಗೊಡುವುದು, ಬಾರದೆ ಇರುವ ಭಾಗವನ್ನು ಬೂದು ಬಣ್ಣದಲ್ಲಿ ಖಾಲಿಯಾಗಿಟ್ಟು ‘ಇನ್ನೂ ಬರುತ್ತಿದೆ’ ಎಂದು ಬರೆಯುವುದು. ಅವನು ಅದನ್ನೂ ಮಾಡಿ ತೋರಿಸಿದ್ದ. ಅವನ ಮ್ಯಾನೇಜರಿಗೆ ಸ್ಕ್ರೀನು ಜೀವಂತವಾಗಿರಬೇಕು, ಜೀವಂತವಾಗಿ ಕಾಣಬೇಕು ಎಂಬುದೊಂದೇ ಮಂತ್ರ. ಬೆನ್ನ ಹಿಂದೆ ಎಲ್ಲರೂ ಅವರನ್ನು ಜೀವಂತ ಸಾಹೇಬರು ಅನ್ನುತ್ತಿದ್ದರು. ಬೂದು ಚೌಕಗಳನ್ನು ಕಂಡು ಜೀವಂತ ಸಾಹೇಬರು, “ಏನ್ರೀ ಇದು, ಪಾಳುಬಿದ್ದ ಮನೆ ಥರ ಇದೆ,” ಎಂದು ಮುಖ ಸಿಂಡರಿಸಿದರು.

ಹಾಗಾಗಿ ಚಿತ್ರ. ನಿನ್ನೆ ರಾತ್ರಿಯೆಲ್ಲ ಕೂತು ಅದನ್ನು ಬರೆದು ಮುಗಿಸಿದ್ದ. ಪ್ರೋಗ್ರಾಮು ಮುಚ್ಚುವಾಗ ತನ್ನದೇ ಚಿತ್ರ ತೆಗೆದಿಟ್ಟುಕೊಳ್ಳುತ್ತದೆ, ಮತ್ತೆ ತೆರೆದಾಗ ತಟಕ್ಕನೆ ಅದನ್ನು ತೋರಿಸುತ್ತದೆ, ಹಿಂದೆ ಮರೆಯಲ್ಲಿ ನಿಜವಾದದ್ದು ತೇಕುತ್ತ ತಯಾರಾಗುತ್ತದೆ. ಅಷ್ಟರಲ್ಲಿ ಯಾರಾದರೂ ಚಿತ್ರದ ಬಟನ್ ಒತ್ತಿಬಿಟ್ಟರೆ? ಅದಕ್ಕೂ ಅವನ ಬಳಿ ಉತ್ತರವಿತ್ತು, ಅದು ಹೊಳೆದದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಒತ್ತಿದ ಕೂಡಲೇ ಬಟನ್ ಒಳಕ್ಕೆ ತಗ್ಗಿದಂತೆ ತೋರಿಸುವುದು, ಒತ್ತಿದ ಜಾಗವನ್ನು ಜೋಪಾನವಾಗಿ ನೆನಪಿಟ್ಟುಕೊಳ್ಳುವುದು, ನಿಜವಾದ ವಿಂಡೋ ಬಂದು ಕೂತ ಮೇಲೆ ಅದೇ ಜಾಗದಲ್ಲಿ ತಾನೇ ಒತ್ತುವುದು. ಒತ್ತಿದವರಿಗೆ ಏನೂ ಗೊತ್ತಾಗುವುದಿಲ್ಲ.

ಹೊಸ ಪ್ರೋಗ್ರಾಮು ತೋರಿಸಲೆಂದು ಬೆಳಿಗ್ಗೆಯೇ ಯಾರ್ಡಿಗೆ ಬಂದಿದ್ದ ಅವನು ಕುರ್ಚಿಯಿಂದ ಎದ್ದು ಮೆಟ್ಟಿಲ ಬಳಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ರಿಂಗಾಗುತ್ತಿದ್ದಷ್ಟು ಹೊತ್ತು ಅವನು ಹೇಳಬೇಕಾದ್ದನ್ನು ನಾಲಿಗೆಯ ಮೇಲೆ ಜೋಡಿಸಿಕೊಳ್ಳಲು ನೋಡಿದ. ಅಕ್ಕಾ, ಬೇಡ, ತೆಗೆಸೋದು ಬೇಡ, ಅಪ್ಪನಿಗೆ ಮಾತು ಕೊಟ್ಟಿದೀನಿ. ಹಾಗೆಂದರೆ ಅವಳು, ಹಾಗಾದ್ರೆ ಅಪ್ಪ ಸತ್ತರೂ ಪರವಾಗಿಲ್ವಾ ಅನ್ನುತ್ತಾಳೆ. ಪರವಾಗಿಲ್ಲ ಎಂದು ಅವನು ಹೇಳಬಲ್ಲನೇ? ತೆಗೆಸೋಣ ಅಂತಲೇ ಅನ್ನಲೇ? ಹಾಗೆಂದರೆ ನಿನ್ನೆ ಕಣ್ಣು ಮುಚ್ಚಿಕೊಂಡ ಆ ಮುಖ? ಅವನಿಗೆ ಗಾಬರಿಯಾದದ್ದು ಇದಕ್ಕೆ: ಎರಡು ಹೂಂಗಳಲ್ಲಿ ಯಾವುದು ತನ್ನದು ಎಂದು ಹುಡುಕಿದರೆ ಎರಡರ ಹಿಂದೆಯೂ ಏನೂ ಇರಲಿಲ್ಲ. ಕಾಲು ಬೇಕೋ ಬೇಡವೋ ಎಂದು ಅವನು ಇದುವರೆಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಫೋನು ಎತ್ತದೆ ಇದ್ದದ್ದಕ್ಕೆ ಅವನಿಗೆ ಒಳಗೊಳಗೇ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು.

“ಎಲ್ಲಿ ಹೋಗ್ಬಿಟ್ರಿ? ಯಜಮಾನ್ರು ಬಂದಾಯ್ತು,” ಎಂದು ಜೀವಂತ ಸಾಹೇಬರು ಬಾಗಿಲಿನಿಂದ ಇಣುಕಿದರು. “ಫೋನ್ ಸೈಲೆಂಟ್ ಮಾಡಿ. ಎಲ್ಲಾ ಸರಿ ಇದೆ ತಾನೇ?”

“ಹೂಂ,” ಅಂದ.

ಗಾಜಿನ ಕೋಣೆಯಲ್ಲಿ ಯಾರ್ಡಿನ ಯಜಮಾನರು ಬಂದು ನಿಂತಿದ್ದರು. ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಇಂಥ ಎಷ್ಟು ಪ್ರೋಗ್ರಾಮುಗಳನ್ನು ಕಂಡಿಲ್ಲ ಎಂಬ ಮುಖದವರು. ಡೆಸ್ಕ್ ಮೇಡಂ ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲು ಹಳೆಯದನ್ನು ತೆರೆದು ತೋರಿಸಿದರು. ಸ್ಕ್ರೀನು ಬಿಳಿಚಿಕೊಂಡಿತು, ಯಜಮಾನರು ನಿಡುಸುಯ್ದರು, ಡೆಸ್ಕ್ ಮೇಡಂ, “ನಾನು ಇಷ್ಟರಲ್ಲಿ ಒಂದು ಲೋಟ ಟೀ ಕುಡಿದು ಬರ್ತೀನಿ ಸಾರ್ ದಿನಾ,” ಅಂದರು. ಆಮೇಲೆ ಹೊಸದು. ಒತ್ತಿದ್ದೇ ತಡ ಇಡೀ ವಿಂಡೋ ಎದುರಿಗೆ, ಪಟ್ಟಿ, ನಕ್ಷೆ, ಕಾಗದಗಳು, ಒಂದೂ ಬಿಡದೆ. “ಅಬ್ಬಾ!” ಅಂದರು ಯಜಮಾನರು, ಕಟ್ಟಿದ ಕೈ ಬಿಚ್ಚಿ. ಜೀವಂತ ಸಾಹೇಬರು ಅವನ ಬೆನ್ನ ಮೇಲೊಂದು ಏಟು ಕೊಟ್ಟರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವನು ಮೇಜಿನ ಮರೆಯಲ್ಲಿ ಹಿಡಿದು ನೋಡಿದ. ಅಕ್ಕನ ಮೆಸೇಜು: “ಡಾಕ್ಟರ ಜೊತೆ ಇದ್ದೆ. ನೀನು ಹೂಂ ಅಂದೆ ಅಂತ ಅಪ್ಪಂಗೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ ಪೆನ್ನು ಕೊಡು ಅಂದ್ರು, ಸೈನ್ ಹಾಕಿದ್ರು.”

ಅಪ್ಪ ಪೆನ್ನು ಕೇಳಿದ್ದು ಅವನ ಕಣ್ಣಿಗೆ ಕಟ್ಟಿದಂತಾಯಿತು. ಮಗನ ಮಾತಿಗೆ ನೇತುಬಿದ್ದಿದ್ದ ಮನುಷ್ಯ, ಆ ಮಗನೇ ಕೈಬಿಟ್ಟನೆಂದು ಗೊತ್ತಾದ ಮೇಲೆ ಇನ್ನು ಯಾರ ಹತ್ತಿರ ಏನು ವಾದ ಮಾಡುವುದೆಂದು ಸೈನ್ ಹಾಕಿದ್ದಾರೆ. ಅಥವಾ ಸಿಟ್ಟಿಗೆ. ಅಪ್ಪನ ಸಿಟ್ಟು ಮಾತಿಲ್ಲದ ಸಿಟ್ಟು. ಒಮ್ಮೆ ಅವನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಸುಳ್ಳು ಹೇಳಿದಾಗ ಅಪ್ಪ ಊರು ಮುಟ್ಟುವವರೆಗೆ ರಸ್ತೆಯನ್ನೇ ನೋಡಿದ್ದರು. ಹೋಗಬೇಕು, ಈಗಲೇ ಎದ್ದು ಹೋಗಬೇಕು ಅಂದುಕೊಂಡ. ಕಾಲು ಏಳಲಿಲ್ಲ. ಇನ್ನೊಂದು ಸಲ ತೆರೆದು ತೋರಿಸಿದರೆ ಮುಗಿಯಿತು, ಆಮೇಲೆ ಹೋದರಾಯಿತು ಎಂದು ಒಳಗಿನ ಸೋಮಾರಿ ಹೇಳಿದ. ಜೀವಂತ ಸಾಹೇಬರು ಆಗಲೇ ಮೈಮೇಲೆ ಬಂದವರಂತೆ, “ನಿಜವಾದ ಲಾರಿ ಬಿಟ್ಟೇ ತೋರಿಸ್ತೀವಿ ಸಾರ್. ಮೇಡಂ, ಮುಚ್ಚಿ ತೆಗೀರಿ, ತೆಗೆದ ತಕ್ಷಣ ಬಿಡಿ ಒಂದು ಗಾಡೀನ,” ಅನ್ನುತ್ತಿದ್ದರು.

ಡೆಸ್ಕ್ ಮೇಡಂ ಮುಚ್ಚಿದರು. ಯಜಮಾನರಿಗೊಂದು ಫೋನು ಬಂತು, ಅವರು ಮಾತು ಮುಗಿಸುವವರೆಗೆ ಎಲ್ಲರೂ ಕಾದರು. ಮತ್ತೆ ತೆರೆದರು. ಪಟ್ಟಿಯ ಮೇಲ್ತುದಿಯಲ್ಲಿ ಔಷಧಿ ಲಾರಿ, ಕಾಗದಪತ್ರ ಎಲ್ಲ ಸರಿಯಿದ್ದದ್ದು. ಮೇಡಂ ಅದರ ಮುಂದಿನ ‘ಬಿಡು’ ಒತ್ತಿದರು. ಬಟನ್ ಚೆಂದವಾಗಿ ಒಳಕ್ಕೆ ತಗ್ಗಿತು. ಎಲ್ಲರೂ ಗಾಜಿನಾಚೆ ಕೆಳಗೆ ನೋಡಿದರು. ಔಷಧಿ ಲಾರಿಯ ಕಟ್ಟೆಯಲ್ಲಿ ದೀಪ ಕೆಂಪಗೇ ಇತ್ತು. ಆಮೇಲೆ, ಎಲ್ಲೋ ಒಂದು ಮೂಲೆಯಲ್ಲಿ, ಹಸಿರು ಹತ್ತಿತು. ಅದು ಮೀನಿನ ಲಾರಿ, ಆಗತಾನೇ ಬಂದು ನಿಂತದ್ದು, ತಪಾಸಣೆಯವರು ಇನ್ನೂ ಹತ್ತಿರ ಸುಳಿಯದೆ ಇದ್ದದ್ದು. ಅದರ ಡ್ರೈವರು ಇಂಥ ಅದೃಷ್ಟವನ್ನು ಜನ್ಮದಲ್ಲಿ ಕಂಡಿರಲಿಲ್ಲವೆಂದು ಕಾಣುತ್ತದೆ. ಕೈಯಲ್ಲಿದ್ದ ಟೀ ಚೆಲ್ಲಿ, ಒಂದೇ ನೆಗೆತಕ್ಕೆ ಒಳಗೆ ಹತ್ತಿ, ಯಾರಾದರೂ ಮನಸ್ಸು ಬದಲಾಯಿಸುವ ಮುಂಚೆ ಗಾಡಿ ಎತ್ತಿಬಿಟ್ಟ. “ಹಿಡೀರೋ ಅವನ್ನ!” ಎಂದು ಯಜಮಾನರು ಗಾಜಿಗೆ ಗುದ್ದಿದರು. ಕೆಳಗೆ ಸೀಟಿಗಳು, ಓಡುವ ಬೂಟುಗಳು. ಗೇಟಿನಲ್ಲಿ ಅಂತೂ ಅಡ್ಡ ಹಾಕಿದರು.

“ಏನ್ ಮೇಡಂ ಇದು? ಇಷ್ಟು ವರ್ಷ ಆಯ್ತು, ಪಟ್ಟಿ ನೋಡಿ ಒತ್ತೋಕೆ ಬರಲ್ವಾ?” ಯಜಮಾನರ ಮುಖ ಕೆಂಡವಾಗಿತ್ತು.

“ನಾನು ಔಷಧಿ ಗಾಡಿಗೇ ಒತ್ತಿದ್ದು ಸಾರ್. ಕಣ್ಣಾರೆ ನೋಡೇ ಒತ್ತಿದ್ದು.” ಮೇಡಂ ಸ್ಕ್ರೀನು ನೋಡಿದರು. ಅಲ್ಲಿ ಈಗ ಮೇಲ್ತುದಿಯಲ್ಲಿ ಮೀನಿನ ಲಾರಿ ಇತ್ತು, ಔಷಧಿ ಲಾರಿ ಅದರ ಕೆಳಗೆ. ಅವರು ಕನ್ನಡಕ ತೆಗೆದರು, ಹಾಕಿಕೊಂಡರು. ತಮ್ಮ ಕಣ್ಣನ್ನೇ ನಂಬಬೇಕೋ ಬೇಡವೋ ಎಂದು ತಿಳಿಯದೆ ಅವರ ಮುಖ ಸಣ್ಣದಾಯಿತು.

ಅವನಿಗೆ ಎಲ್ಲ ತಿಳಿದಿತ್ತು. ಮುಚ್ಚಿ ತೆರೆಯುವ ನಡುವೆ ಮೀನಿನ ಲಾರಿ ಬಂದು ಪಟ್ಟಿಯ ತುದಿ ಸೇರಿತ್ತು. ಚಿತ್ರದಲ್ಲಿ ಅದಿರಲಿಲ್ಲ. ಮೇಡಂ ಒತ್ತಿದ್ದು ಚಿತ್ರಕ್ಕೆ. ಪ್ರೋಗ್ರಾಮು ಆ ಒತ್ತುವಿಕೆಯನ್ನು ವಿಧೇಯತೆಯಿಂದ ನೆನಪಿಟ್ಟುಕೊಂಡು, ನಿಜವಾದದ್ದು ಬಂದ ಮೇಲೆ, ಆ ಜಾಗದಲ್ಲಿ ಏನಿದೆಯೆಂದು ನೋಡದೆ ಒತ್ತಿತ್ತು. “ಸಣ್ಣ ವಿಷಯ ಸಾರ್,” ಎಂದು ಜೀವಂತ ಸಾಹೇಬರು ಮುಂದೆ ಬಂದರು, “ಮೇಡಂಗೆ ಹೊಸದು, ಅಭ್ಯಾಸ ಆಗಬೇಕು ಅಷ್ಟೇ. ಅಲ್ವೇನ್ರೀ?” ಎಂದು ಅವನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಅವನ ಬಾಯಿ ಅಷ್ಟರಲ್ಲೇ ಅದನ್ನು ಅಂದುಬಿಟ್ಟಿತ್ತು. ಹೂಂ. ಅವನು ಅಂದದ್ದಲ್ಲ, ಬಾಯಿ ಅಂದದ್ದು. ಡೆಸ್ಕ್ ಮೇಡಂ ಅವನನ್ನು ನೋಡಿದರು. ಬೈಯಲಿಲ್ಲ, ವಾದಿಸಲಿಲ್ಲ, ಪ್ರೋಗ್ರಾಮು ಮಾಡಿದವನೇ ಹೂಂ ಅಂದ ಮೇಲೆ ತಪ್ಪು ತಮ್ಮದೇ ಇರಬೇಕು ಎಂದು ಅವರು ಒಪ್ಪಿಕೊಳ್ಳುತ್ತಿರುವುದು ಅವರ ಮುಖದ ಮೇಲೆ ಕಾಣುತ್ತಿತ್ತು. ಅದನ್ನು ನೋಡಲು ಅವನಿಂದ ಆಗಲಿಲ್ಲ.

“ಇಲ್ಲ,” ಅಂದ ಅವನು. “ಇಲ್ಲ ಸಾರ್, ಮೇಡಂದು ತಪ್ಪಿಲ್ಲ. ಅವರು ಒತ್ತಿದಾಗ ಅಲ್ಲಿ ಪಟ್ಟಿ ಬಂದೇ ಇರಲಿಲ್ಲ. ಬಂದಿದೆ ಅಂತ ನಾನು ತೋರಿಸಿದ್ದೆ, ಅಷ್ಟೇ. ಇದನ್ನ ತೆಗೆದುಹಾಕ್ತೀನಿ. ಬರದೇ ಇದ್ದರೆ ಬಂದಿಲ್ಲ ಅಂತಲೇ ಕಾಣಲಿ.” ಯಜಮಾನರು ಜೀವಂತ ಸಾಹೇಬರನ್ನು ನೋಡಿದರು, ಜೀವಂತ ಸಾಹೇಬರು ನೆಲ ನೋಡಿದರು. ಅವನು ಚೀಲ ಹೆಗಲಿಗೇರಿಸಿಕೊಂಡ.

“ಎಲ್ಲಿಗ್ರೀ? ಇದನ್ನ ಹೀಗೆ ಬಿಟ್ಟು ಎಲ್ಲಿಗೆ?”

“ನಮ್ಮಪ್ಪನ ಕಾಲು ತೆಗೀತಿದಾರೆ,” ಅಂದ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅದು ನಿಜವಾಯಿತು.

ಟ್ಯಾಕ್ಸಿ ಸಿಗ್ನಲಿನಿಂದ ಸಿಗ್ನಲಿಗೆ ತೆವಳುತ್ತಿತ್ತು. ಅಕ್ಕನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಬೇಗ ಬೇಗ ಅಂದರೆ ಡ್ರೈವರು ಕನ್ನಡಿಯಲ್ಲಿ ಅವನನ್ನು ನೋಡಿ, “ರೆಕ್ಕೆ ಇಲ್ಲ ಸಾರ್ ಇದಕ್ಕೆ,” ಅಂದ. ಅಪ್ಪ ಹಾಗೆ ಅನ್ನುತ್ತಿರಲಿಲ್ಲ. ಅಪ್ಪ ಏನನ್ನೂ ಅನ್ನುತ್ತಿರಲಿಲ್ಲ. ರಜೆಯಲ್ಲಿ ಅವನು ಬಸ್ಸಿನ ಎಂಜಿನ್ ಪಕ್ಕದ ಸೀಟಿನಲ್ಲಿ ಕೂತು, ಅಪ್ಪಾ ಸಮುದ್ರ ಉಪ್ಪು ಯಾಕೆ, ಅಪ್ಪಾ ನಂಗೆ ಸೈಕಲ್ ಕೊಡಿಸ್ತೀರಾ ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಎದುರಿಗೆ ಗಾಡಿ ಬಂದು ಹೋಗುತ್ತಿತ್ತು, ಒಂದು ತಿರುವು, ಇನ್ನೊಂದು ತಿರುವು, ದನಗಳ ಹಿಂಡು, ಸೇತುವೆ. ಅವನು ಕೇಳಿದ್ದನ್ನೇ ಮರೆತು ನಿದ್ದೆಗೆ ಜಾರುವ ಹೊತ್ತಿಗೆ ಅಪ್ಪ ರಸ್ತೆ ನೋಡುತ್ತಲೇ, “ಕೊಡಿಸ್ತೀನಿ. ಈ ವರ್ಷ ಅಲ್ಲ,” ಅನ್ನುತ್ತಿದ್ದರು. ಕೊಡಿಸಿಯೂ ಕೊಡಿಸಿದ್ದರು. ಅಮ್ಮ ಅದಕ್ಕೆ ಎಷ್ಟು ರೇಗುತ್ತಿದ್ದಳು, ಈ ಮನುಷ್ಯನ ಹತ್ತಿರ ಮಾತಾಡೋದಕ್ಕಿಂತ ಗೋಡೆ ಹತ್ತಿರ ಮಾತಾಡಬಹುದು ಎಂದು. ಅವನಿಗೂ ರೇಗುತ್ತಿತ್ತು. ತಾನು ಮಾತ್ರ ಯಾರನ್ನೂ ಹೀಗೆ ಕಾಯಿಸಬಾರದೆಂದು ಅವನು ನಿಶ್ಚಯ ಮಾಡಿದ್ದೇನೂ ಇಲ್ಲ, ಆದರೆ ಹಾಗೇ ಬೆಳೆದುಬಿಟ್ಟ. ಈಗ ಹೋಗಿ ಏನನ್ನುವುದು? ತಡೆಯುವುದೇ? ತಡೆದು, ನಾಲ್ಕು ದಿನಕ್ಕೆ ಅಪ್ಪ ಹೋಗಿಬಿಟ್ಟರೆ? ತಡೆಯದೆ, ಅಪ್ಪ ಉಳಿದು, ಉಳಿದಷ್ಟು ದಿನವೂ ಅವನ ಮುಖ ನೋಡದೆ ರಸ್ತೆ ನೋಡುತ್ತ ಕೂತರೆ? ಯೋಚಿಸು ಎಂದು ತನಗೆ ತಾನೇ ಹೇಳಿಕೊಂಡ. ಯೋಚನೆ ಬರಲಿಲ್ಲ. ಹೆದರಿಕೆ ಮಾತ್ರ ಬಂತು. ಟ್ಯಾಕ್ಸಿಯ ಮುಂದೆ ಯಾರೋ ನಿಧಾನವಾಗಿ ರಸ್ತೆ ದಾಟುತ್ತಿದ್ದರು.

ಆಸ್ಪತ್ರೆಯ ಮೇಲಿನ ಮಹಡಿಯ ಉದ್ದ ಓಣಿಯಲ್ಲಿ ಅಕ್ಕ ಗೋಡೆಗೆ ಆತುಕೊಂಡು ನಿಂತಿದ್ದಳು. “ಬಂದ್ಯಾ, ಸದ್ಯ! ನನ್ನ ಫೋನು ಚಾರ್ಜೇ ಇಲ್ಲ ಕಣೋ,” ಎನ್ನುತ್ತ ಅವನ ತೋಳು ಹಿಡಿದುಕೊಂಡು ಅಳತೊಡಗಿದಳು. ಅಪ್ಪನನ್ನು ಆಗಲೇ ಚಕ್ರದ ಮಂಚದ ಮೇಲೆ ಮಲಗಿಸಿ ಹೊರಗೆ ತಂದಿದ್ದರು. ಹಸಿರು ಟೋಪಿ ಹಾಕಿದ್ದರಿಂದ ಮುಖ ಯಾರದ್ದೋ ಅನ್ನಿಸುವಂತಿತ್ತು. ಮಂಚ ತಳ್ಳುವವನು ಒಳಗಿನ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದ. ಅವನು ಹತ್ತಿರ ಹೋದ. ಅಪ್ಪ ಅವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

“ಅಕ್ಕ ಹೇಳಿದ್ಲು,” ಅಂದರು ಅಪ್ಪ. ಸೂಜಿಯ ಮದ್ದಿಗೆ ನಾಲಿಗೆ ಸ್ವಲ್ಪ ಭಾರವಾಗಿತ್ತು. “ಮೊದಲು ಸಿಟ್ಟು ಬಂತು. ನಿನ್ನೆ ತಾನೇ ಹೂಂ ಅಂದವನು, ಇವತ್ತು ಹೀಗಾ ಅಂತ. ಆಮೇಲೆ ಮಲಗಿಕೊಂಡು ನೋಡ್ದೆ. ನಂಗೆ ಮಾತು ಕೊಟ್ಟವನು ನೀನು. ಅದನ್ನ ಮುರೀಬೇಕು ಅಂದ್ರೆ ಎಷ್ಟು ಒದ್ದಾಡಿರ್ಬೇಕು ಅಂದ್ಕೊಂಡೆ. ರಾತ್ರಿಯೆಲ್ಲ ನಿದ್ದೆ ಮಾಡಿರಲ್ಲ. ಎಲ್ಲಾ ತೂಗಿ ನೋಡಿ, ಅಪ್ಪ ಬೈದ್ರೂ ಬೈಯ್ಲಿ ಅಂತ ಹೇಳಿರ್ತಾನೆ. ನಂಗೆ ಈಗ ಅಷ್ಟು ಯೋಚನೆ ಮಾಡೋ ಶಕ್ತಿ ಇಲ್ಲಪ್ಪ. ನೀನು ಮಾಡಿದ್ಯಲ್ಲ, ಸಾಕು ಅಂತ ಸೈನ್ ಹಾಕ್ದೆ.” ಉಸಿರು ಎಳೆದುಕೊಂಡರು. “ತೆಗೆಸೋದೇ ಸರಿ, ಅಲ್ವಾ?”

ಹೂಂ ಗಂಟಲವರೆಗೆ ಬಂತು. ಅಕ್ಕ ಒದ್ದೆ ಕಣ್ಣಲ್ಲಿ ಅವನನ್ನೇ ನೋಡುತ್ತಿದ್ದಳು, ಅನ್ನು, ಅಂದುಬಿಡು ಎಂಬಂತೆ. ಅಂದರೆ ಅಪ್ಪ ನೆಮ್ಮದಿಯಿಂದ ಒಳಗೆ ಹೋಗುತ್ತಾರೆ, ಅಕ್ಕ ನೆಮ್ಮದಿಯಿಂದ ಕೂರುತ್ತಾಳೆ, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಅವನು ಹಲ್ಲು ಕಚ್ಚಿಕೊಂಡ. ಒಳಗಿನ ಬಾಗಿಲು ತೆರೆಯಿತು.

“ಇಲ್ಲಪ್ಪಾ,” ಅಂದ. “ನಾನು ಯೋಚನೆ ಮಾಡಿರ್ಲಿಲ್ಲ. ಬೆಳಿಗ್ಗೆ ಕೆಲಸದ ಮಧ್ಯೆ ಸುಮ್ನೆ ಹೂಂ ಅಂದ್ಬಿಟ್ಟೆ. ನಿನ್ನೆ ನಿಮಗೂ ಹಾಗೇ ಅಂದಿದ್ದೆ. ಎರಡು ಸಲಾನೂ ನಾನು ಕೇಳಿಸ್ಕೊಂಡೇ ಇರ್ಲಿಲ್ಲ.”

“ಏನೋ ಇದು, ಈ ಹೊತ್ನಲ್ಲಿ!” ಎಂದು ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಂಚ ತಳ್ಳುವವನು, “ಸಾರ್, ಒಳಗೆ ಕಾಯ್ತಿದಾರೆ,” ಎಂದು ಹಿಡಿಕೆಗೆ ಕೈ ಹಾಕಿದ. ಅಪ್ಪ ಹಾಸಿಗೆಯ ಮೇಲಿನಿಂದ ಒಂದು ಅಂಗೈ ಎತ್ತಿ ಅವನನ್ನು ತಡೆದರು. ಎತ್ತಿದ ಕೈ ಹಾಗೇ ಇತ್ತು. ಅವರು ಚಾವಣಿ ನೋಡಿದರು. ಎಷ್ಟು ಹೊತ್ತೋ ನೋಡಿದರು. ಓಣಿಯಲ್ಲಿ ಯಾರೋ ಕೆಮ್ಮಿದರು, ಎಲ್ಲೋ ಒಂದು ಫೋನು ಹೊಡೆದುಕೊಂಡು ನಿಂತಿತು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಹಾಗಾದ್ರೆ ಈಗ ಮಾಡು,” ಅಂದರು ಅಪ್ಪ, ಚಾವಣಿಯಿಂದ ಕಣ್ಣು ತೆಗೆಯದೆ. “ಯೋಚನೆ ಮಾಡಿ ಹೇಳು. ನಾನು ಕಾಯ್ತೀನಿ.”

ಅವನು ಮಂಚದ ಕೆಳತುದಿಗೆ ಹೋದ. ಇಷ್ಟು ದಿನ ಬಂದು ಹೋಗಿದ್ದ, ಹಣ್ಣು ತಂದಿದ್ದ, ದಿಂಬು ಸರಿಮಾಡಿದ್ದ, ಆ ಹೊದಿಕೆಯನ್ನು ಮಾತ್ರ ಒಮ್ಮೆಯೂ ಎತ್ತಿರಲಿಲ್ಲ. ಈಗ ಎತ್ತಿದ. ವಾಸನೆ ಮೊದಲು ಬಂತು. ಅವನು ಮುಖ ತಿರುಗಿಸಲಿಲ್ಲ. ಬೆರಳುಗಳು ಸುಟ್ಟ ಕೊಳ್ಳಿಯಂತೆ ಕಪ್ಪಾಗಿದ್ದವು, ಪಾದ ಊದಿ ಹೊಳೆಯುತ್ತಿತ್ತು, ಹಿಮ್ಮಡಿಯ ಮೇಲೆ ಕೆನ್ನೀಲಿ ಗೆರೆಗಳು ಮೇಲಕ್ಕೆ ದಾರಿ ಹುಡುಕುತ್ತಿದ್ದವು. ಅವನು ಮೇಲಿನವರೆಗೆ ನೋಡಿದ, ಎಲ್ಲಿ ಕಪ್ಪು ನಿಂತಿದೆ, ಎಲ್ಲಿ ಇನ್ನೂ ಅಪ್ಪನ ಚರ್ಮ ಅಪ್ಪನದ್ದಾಗಿಯೇ ಉಳಿದಿದೆ ಎಂದು. ಮುಟ್ಟಿದರೆ ಮಂಡಿಯ ಕೆಳಗೆ ಬೆಚ್ಚಗಿತ್ತು. ಪಾದ ತಣ್ಣಗಿತ್ತು. ಬ್ರೇಕಿನ ಮೇಲಿದ್ದ ಪಾದ, ಅದು ಆಗಲೇ ಹೋಗಿಬಿಟ್ಟಿತ್ತು. ಅಪ್ಪ ಇನ್ನೂ ಇದ್ದರು. ಒಳಗಿನಿಂದ ನರ್ಸು ಬಂದು ಏನೋ ಕೇಳಿದಳು. ಅವನು ಉತ್ತರಿಸಲಿಲ್ಲ. ಅಕ್ಕ ಅವನ ಹೆಸರು ಹಿಡಿದು ಕರೆದಳು, ಓಗೊಡಲಿಲ್ಲ. ಎಲ್ಲರೂ ಕಾದರು. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಲಿಲ್ಲ.

“ತೆಗೆಸೋಣ ಅಪ್ಪಾ,” ಅಂದ ಕಡೆಗೆ. “ನೀವು ಬೇಕು ನಂಗೆ.”

ಅಪ್ಪ ಎತ್ತಿದ್ದ ಕೈಯನ್ನು ಇಳಿಸಿದರು. ಕಣ್ಣು ಮುಚ್ಚಿಕೊಂಡು, ಮಂಚ ತಳ್ಳುವವನಿಗೆ, “ರೈಟ್, ಹೋಗೋಣ,” ಅಂದರು.

ಚಕ್ರಗಳು ಉರುಳಿದವು. ಒಳಗಿನ ಬಾಗಿಲವರೆಗೂ ಅವನು ಆ ತಣ್ಣನೆಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದ.